ನೆಟ್ಟಗೆ ನಿಲ್ಲಿಸಿದ ಹೊರಸು

ಭಾಲ್ಕಿಯ ಆ ಸಭಾಭವನದಲ್ಲಿ ಅಂದು ಬೆಳಿಗ್ಗೆ ಇದ್ದವರು ನಾವಿಬ್ಬರೇ: ನಾನು, ಮತ್ತು ಬೀದರದ ಕಾಲೇಜಿನಲ್ಲಿ ಡಿಸೈನ್ ಓದುವ ನನ್ನ ಅಕ್ಕನ ಮಗಳು. ಇದೇ ಊರಲ್ಲಿರುವ ನನ್ನ ಚಿಗವ್ವ ಚಹಾದ ಕಿಟ್ಲಿ ಹಿಡಿದು ಬರುವವಳಿದ್ದಳು. ಹುಡುಗಿಯ ಪ್ರದರ್ಶನಕ್ಕೆಂದು ಓಣಿಯೆಲ್ಲ ತಿರುಗಿ ಹೊರಸುಗಳನ್ನು, ಅಂದರೆ ಹಗ್ಗ ಹೆಣೆದ ಮಂಚಗಳನ್ನು, ಕೇಳಿ ಕೊಡಿಸಿದವಳು ಅವಳೇ.

ಹುಡುಗಿಯದು ಒಂದೇ ಹಟ: ಮನೆಯಲ್ಲಿ ದಿನಾ ಬಳಸುವ ವಸ್ತುಗಳ ಚಂದವನ್ನು ಜನರಿಗೆ ತೋರಿಸಬೇಕು, ಆದರೆ ಮುಗಿದ ಮೇಲೆ ಹಿಡಿ ಕಸವೂ ಉಳಿಯಬಾರದು. ಥರ್ಮೋಕೋಲು, ಫ್ಲೆಕ್ಸು ಯಾವುದೂ ಬೇಡ. ಹೊರಸುಗಳನ್ನು ನೆಟ್ಟಗೆ ನಿಲ್ಲಿಸಿ ಒಂದಕ್ಕೊಂದು ಕಟ್ಟಿದರೆ ಅದೇ ಗೋಡೆ. ಅಡಿಕೆ ಕತ್ತರಿಸುವ ಅಡಕೊತ್ತು, ಕಂದೀಲು, ಲಟ್ಟಣಿಗೆಗಳನ್ನು ಅದರ ಹಗ್ಗಕ್ಕೇ ತೂಗುಹಾಕುವುದು. ಮುಗಿದ ಮೇಲೆ ಬಿಚ್ಚಿ ಟಂಟಂ ಆಟೋದಲ್ಲಿ ಹೇರಿಕೊಂಡು ಮುಂದಿನ ಊರಿಗೆ. ಮೊದಲ ಪ್ರದರ್ಶನ ನಡೆದ ಬೀದರದಲ್ಲಿ ಎಲ್ಲರೂ ಭೇಷ್ ಎಂದಿದ್ದರು.

ಆದರೆ ಅವಳ ಜೀವವೆಲ್ಲ ಔರಾದಿನ ಮೇಲಿತ್ತು. ಸಂತಪುರದಲ್ಲಿರುವ ನಮ್ಮ ಅಕ್ಕನಿಗೆ ಹೊಲ, ಎಮ್ಮೆ ಬಿಟ್ಟು ಬೀದರದವರೆಗೆ ಬರಲು ಪುರಸೊತ್ತಿಲ್ಲ. ಮಗಳು ಏನು ಓದುತ್ತಾಳೆಂಬುದೇ ಅವಳಿಗೆ ತಿಳಿದಿರಲಿಲ್ಲ. ಹತ್ತಿರದ ಔರಾದಾದರೆ ಬಂದಾಳು. ಅಲ್ಲಿಯ ಸಾಲೆಯ ಹೆಡ್‌ಮಾಸ್ತರು ಅಂದು ಭಾಲ್ಕಿಗೆ ಬಂದು ನೋಡಿ, ಮನಸ್ಸಿಗೆ ಬಂದರೆ ತಮ್ಮ ಹಾಲ್ ಕೊಡುವವರಿದ್ದರು.

ಬಾಗಿಲು ತೆರೆದಾಗ ಮೊದಲು ಬಂದವರು ಇಬ್ಬರು ಮುದುಕಿಯರು. ಹೊಸ್ತಿಲಲ್ಲೇ ನಿಂತು ತಲೆಯ ಮೇಲೆ ಸೆರಗೆಳೆದುಕೊಂಡರು.

"ಯವ್ವಾ, ಯಾರ ಹೋದ್ರು?" ಎಂದು ಒಬ್ಬಳು ಮೆಲ್ಲಗೆ ಕೇಳಿದಳು. ನಾವು ಬಾಯಿ ತೆರೆಯುವಷ್ಟರಲ್ಲಿ ಇಬ್ಬರೂ ತಿರುಗಿ ನಡೆದುಬಿಟ್ಟರು. ಅವರ ಹಿಂದೆಯೇ ಚಿಗವ್ವ ಕಿಟ್ಲಿ ಹಿಡಿದು ಒಳಗೆ ಬಂದಳು.

"ಏ ಹುಡುಗಿ, ಹೊರಸ ಯಾಕ ನಿಲ್ಲಿಸೀದಿ? ನಾ ಇನ್ನೂ ಬದುಕೀನಿ!"

"ಆಯಿ, ಅದು ಡಿಸೈನ್ ಅದ," ಎಂದಳು ಹುಡುಗಿ ತನ್ನ ಚಿಕ್ಕಜ್ಜಿಗೆ.

"ಸುಡ್ಲಿ ನಿನ್ನ ಡಿಸೈನ್! ಹೆಣ ಎತ್ತಿದ ಮನ್ಯಾಗ ಹೊರಸ ನಿಲ್ಲಿಸ್ತಾರ."

"ಬೀದರದಾಗ ಯಾರೂ ಏನೂ ಅನಲಿಲ್ಲ."

"ಬೀದರದವರು ಪಲಂಗದ ಮ್ಯಾಲ ಮಲಗ್ತಾರ. ಅವರಿಗೇನ ಗೊತ್ತು?"

ಹುಡುಗಿಯ ಮುಖ ಸಣ್ಣದಾಯಿತು. "ಮಾಮಾ, ಔರಾದದವರು ಇದನ್ನ ನೋಡಿದ್ರ ಹಾಲ್ ಕೊಡ್ತಾರೇನು?" ಎಂದಳು. ನಾನು ಹೊರಸುಗಳ ಗಂಟು ಬಿಚ್ಚತೊಡಗಿದೆ. ಹೊರಸುಗಳು ಒಂದೊಂದಾಗಿ ನಾಲ್ಕೂ ಕಾಲೂರಿ ನೆಲಕ್ಕೆ ಬಂದವು. ಅವುಗಳ ಮೇಲೆ ಹರವಿದ ಸಣ್ಣ ಸಾಮಾನು ಹಗ್ಗದ ಸಂದಿನಿಂದ ಕೆಳಗೆ ಬೀಳತೊಡಗಿದಾಗ ಚಿಗವ್ವ ಮನೆಗೆ ಹೋಗಿ ಕೌದಿಗಳನ್ನು ಹೊತ್ತು ತಂದಳು. ಬೈಯುತ್ತಲೇ ಹಾಸಿದಳು. ಎರಡು ಹೊರಸು ಖಾಲಿ ಉಳಿದವು.

ಹೆಡ್‌ಮಾಸ್ತರು ಬಂದವರೇ ಒಂದು ಖಾಲಿ ಹೊರಸಿನ ಮೇಲೆ ಕೂತರು. ಪಕ್ಕದ ಹೊರಸಿನಿಂದ ಅಡಕೊತ್ತು ಎತ್ತಿಕೊಂಡು ಕಟಕ್ ಕಟಕ್ ಎನಿಸಿದರು. ಹೊರಸಿನ ಗೋಡೆಗೆ ತೂಗುಹಾಕಿದ್ದಾಗ ಬೀದರದಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ. ಹುಡುಗಿ ನನ್ನ ಕಡೆ ನೋಡಿದಳು.

"ಹಾಲ್ ಕೊಡ್ತೇವ್ರಿ. ಆದ್ರ ಗ್ವಾಡಿಗಿ ಮೊಳಿ ಹೊಡಿಯಂಗಿಲ್ಲ ನೋಡ್ರಿ."

"ನಮ್ಮ ಹತ್ರ ಮೊಳಿನ ಇಲ್ರಿ ಸರ್," ಎಂದಳು ಹುಡುಗಿ.

"ಚಹಾ ಅದ," ಎಂದಳು ಚಿಗವ್ವ.

ಔರಾದಿನಲ್ಲಿ ಪ್ರದರ್ಶನ ಶುರುವಾದ ದಿನ ಅಕ್ಕ ಸಂತಪುರದಿಂದ ಬಸ್ಸಿನಲ್ಲಿ ಬಂದಳು. ಮಗಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಚೀಲದಿಂದ ತನ್ನ ಕಡಗೋಲು ತೆಗೆದು, ಯಾರನ್ನೂ ಕೇಳದೆ ಒಂದು ಕೌದಿಯ ಮೇಲಿಟ್ಟಳು. ಸಂಜೆ ಅದನ್ನು ವಾಪಸು ಒಯ್ದಳು. ಮರುದಿನ ಮಜ್ಜಿಗೆ ಕಡಿದು, ತೊಳೆದು, ಮತ್ತೆ ತಂದಿಟ್ಟಳು. ಜೊತೆಗೆ ಓಣಿಯ ನಾಲ್ಕು ಮಂದಿ ಹೆಂಗಸರನ್ನೂ ಕರೆತಂದಿದ್ದಳು.