ಎಡಗೆನ್ನೆ ಸುಮ್ಮನಿದ್ದ ದಿನಗಳು

ಬಾಯಿ ಮುಕ್ಕಳಿಸಿದ ನೀರು ಎಡಗಡೆಯಿಂದ ಸೋರಿ ಸೀರೆಯ ಮೇಲೆ ಬಿತ್ತು. ನಿದ್ದೆ ಇನ್ನೂ ಬಿಟ್ಟಿಲ್ಲ ಅಂದುಕೊಂಡೆ. ಎರಡನೇ ಸಲವೂ ಹಾಗೇ ಆಯಿತು. ಬಚ್ಚಲ ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡರೆ ಮುಖದ ಬಲ ಅರ್ಧ ಗಾಬರಿಯಾಗಿತ್ತು. ಎಡ ಅರ್ಧ ಯಾವ ಚಿಂತೆಯೂ ಇಲ್ಲದೆ ಸುಮ್ಮನಿತ್ತು. ಹುಬ್ಬು ಏರಿಸಿದೆ, ಒಂದೇ ಏರಿತು. ಕಣ್ಣು ಮುಚ್ಚಿದೆ, ಒಂದೇ ಮುಚ್ಚಿತು.

ಬೀದರಿನ ಚಳಿ ಇನ್ನೂ ಹೋಗಿರಲಿಲ್ಲ. ನನ್ನ ಏಳು ತಿಂಗಳ ಮಗಳನ್ನು ನೋಡಿಕೊಳ್ಳಲೆಂದು ಔರಾದ ಕಡೆಯ ಹಳ್ಳಿಯಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ, ನನ್ನನ್ನು ಕಂಡವರೇ ಚಹಾದ ಪಾತ್ರೆ ಕೆಳಗಿಟ್ಟರು.

"ಯವ್ವಾ, ಲಕ್ವಾ ಹೊಡದದಲ್ಲ ನಿನಗ! ದಿನಾ ಬಸ್ಸಿನ ಕಿಡಕಿ ಬಾಜೂಕ ಕುಂತು ಹೋಗ್ತಿ, ಗಾಳಿ ಬಡದದ."

ಡಾಕ್ಟರು ಅಷ್ಟೇನೂ ಹೆದರಿಸಲಿಲ್ಲ. ಮಿದುಳಿಗೆ ಏನೂ ಆಗಿಲ್ಲ, ಕಿವಿಯ ಹಿಂದಿನಿಂದ ಮುಖಕ್ಕೆ ಬರುವ ನರ ಊದಿಕೊಂಡಿದೆ, ಗುಳಿಗೆ ತಗೊಳ್ಳಿ, ಕಣ್ಣು ಒಣಗದಂತೆ ನೋಡಿಕೊಳ್ಳಿ, ನಿಧಾನಕ್ಕೆ ಬರುತ್ತದೆ ಅಂದರು. ಅವರು ಹೇಳಿದಂತೆಯೇ ಬಂದಿದೆ. ಈಗ ಜೋರಾಗಿ ನಕ್ಕರೆ ಎಡಗಣ್ಣು ಕೊಂಚ ಸಣ್ಣದಾಗುತ್ತದೆ, ಅಷ್ಟೇ. ನಾನು ಹೇಳಹೊರಟಿರುವುದು ಆ ನಡುವೆ ನನ್ನ ಮಗಳು ನನಗೆ ತೋರಿಸಿದ್ದನ್ನು. ಇಂದಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ನಾನು ಭಾಲ್ಕಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬೀದರಿನಿಂದ ದಿನಾ ಹೋಗಿ ಬರುತ್ತೇನೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೋಲು ಹಿಡಿದವಳಲ್ಲ. ನನಗೆ ನನ್ನ ಎಡಹುಬ್ಬು ಸಾಕಿತ್ತು. ಅದು ಕೂದಲೆಳೆಯಷ್ಟು ಮೇಲೆ ಹೋದರೆ ಹಿಂದಿನ ಬೆಂಚಿನವರೆಗೂ ಸದ್ದು ಅಡಗುತ್ತಿತ್ತು. ಆ ಹುಬ್ಬಿನ ಬಗ್ಗೆ ನನಗೆ ಜಂಭವಿತ್ತು, ಇರಲಿಲ್ಲವೆಂದರೆ ಸುಳ್ಳಾದೀತು. ಹಟ ಹಿಡಿದು ಮೂರನೇ ದಿನವೇ ಶಾಲೆಗೆ ಹೋದೆ. ಬೋರ್ಡಿನ ಮೇಲೆ ಹೂವಿನ ಭಾಗಗಳನ್ನು ಚಂದವಾಗಿ ಬಿಡಿಸಿದ ಹುಡುಗಿಯೊಬ್ಬಳಿಗೆ ಶಹಬ್ಬಾಸ್ ಅಂದು ನಕ್ಕೆ. ಅವಳು ಸೀಮೆಸುಣ್ಣ ಕೆಳಗಿಟ್ಟು, "ಮೇಡಂ, ತಪ್ಪಾಯ್ತೇನ್ರಿ? ಅಳಸಲೇನ್ರಿ?" ಅಂದಳು. ಬಾಯಿ ಹೇಳಿದ್ದು ಒಂದು, ಮುಖ ಹೇಳಿದ್ದು ಇನ್ನೊಂದು. ಹುಡುಗಿ ಮುಖವನ್ನೇ ನಂಬಿದ್ದಳು. ಅವತ್ತು ಸಂಜೆಯೇ ರಜೆಯ ಅರ್ಜಿ ಬರೆದುಕೊಟ್ಟೆ.

ಶಾಲೆಯದು ಬಿಡಿ, ಮನೆಯಲ್ಲಾದದ್ದು ಎದೆಗೆ ನಾಟಿತ್ತು. ಮುಖ ಸೊಟ್ಟಗಾಗುವ ಹಿಂದಿನ ದಿನದವರೆಗೂ ನನಗೂ ಮಗಳಿಗೂ ಒಂದು ಆಟವಿತ್ತು. ನಾನು ಹುಬ್ಬೇರಿಸುತ್ತಿದ್ದೆ, ಅವಳೂ ಏರಿಸಲು ಹೋಗಿ ಇಡೀ ತಲೆಯನ್ನೇ ಹಿಂದಕ್ಕೆ ಎಸೆದು ಕೇಕೆ ಹಾಕುತ್ತಿದ್ದಳು. ಆ ಬೆಳಿಗ್ಗೆ ತೊಟ್ಟಿಲಿನ ಮೇಲೆ ಬಾಗಿದಾಗ ಅವಳ ನಗು ಅರ್ಧ ಅರಳಿ ಅಲ್ಲೇ ನಿಂತುಬಿಟ್ಟಿತು. ನನ್ನ ಬಾಯಿ ನೋಡಿದಳು, ಕಣ್ಣು ನೋಡಿದಳು, ಮತ್ತೆ ಬಾಯಿ ನೋಡಿದಳು. ಆಮೇಲೆ ಕೆಳತುಟಿ ನಡುಗಿತು. ನನ್ನನ್ನೇ ನೋಡಿ ಹೆದರಿ ಅವಳು ಅತ್ತದ್ದು ಅದೇ ಮೊದಲು.

ಮಗ್ಗುಲ ಮನೆಯಾಕೆ ನೋಡಿಹೋಗಲು ಬಂದಳು. ಕೆನ್ನೆಗೆ ಕೈ ಹಚ್ಚಿಕೊಂಡು ಬಹಳ ಹೊತ್ತು ಕೂತು, ಏಳುವಾಗ ಹೇಳಿದಳು: "ಅಕ್ಕಾ, ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಇದು ಹೋಗೂ ತನಕ ಕೂಸಿಗಿ ಮಾರಿ ತೋರಸಬ್ಯಾಡ್ರಿ. ನಿಮ್ಮ ಮಾರಿ ಹ್ಯಾಂಗ ಅದ, ಕೂಸಿನ ಮಾರಿನೂ ಹಂಗೇ ಆಗ್ತದ."

ಅವಳು ಹೋದ ಮೇಲೆ ಮೂಗು ಮುರಿದೆ. ಯಾವ ವಿದ್ಯಾರ್ಥಿಯಾದರೂ ಪರೀಕ್ಷೆಯಲ್ಲಿ ಹಾಗೆ ಬರೆದಿದ್ದರೆ ಸೊನ್ನೆ ಸುತ್ತುತ್ತಿದ್ದೆ. ಆದರೆ ಮಾತು ಒಳಗೆ ಹೊಕ್ಕು ಕೂತಿತ್ತು. ಕೂಸು ಮುಖ ನೋಡಿಯೇ ಮುಖ ಕಲಿಯುತ್ತದೆ ಅನ್ನುವುದು ನನಗೂ ಗೊತ್ತಿತ್ತಲ್ಲ. ನನ್ನ ಮುರುಕು ಮುಖದಿಂದ ಅವಳು ಕಲಿಯುವುದಾದರೂ ಏನು? ಮರುದಿನದಿಂದ, ಸ್ಕೂಟಿ ಓಡಿಸುವ ಹುಡುಗಿಯರು ಬಿಸಿಲಿಗೆ ಕಟ್ಟಿಕೊಳ್ಳುವಂತೆ, ಕಣ್ಣಷ್ಟೇ ಬಿಟ್ಟು ಮುಖಕ್ಕೆಲ್ಲ ಸ್ಕಾರ್ಫ್ ಸುತ್ತಿಕೊಂಡೆ. ಕಣ್ಣಿಗೂ ಕಪ್ಪು ಕನ್ನಡಕ. ನನ್ನ ಗಂಡ ಬೇಡ ಅಂದರು, ಅವರ ಮೇಲೆ ಹರಿಹಾಯ್ದೆ. ಅತ್ತೆ ಕೂಸಿನ ಮುಖವನ್ನೇ ನೋಡುತ್ತಿದ್ದರು.

ಮೊದಲ ಕೆಲವು ದಿನ ಮಗಳು ಸ್ಕಾರ್ಫ್ ಹಿಡಿದು ಎಳೆಯುತ್ತಿದ್ದಳು. ನಾನು ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದೆ. ಆಮೇಲೆ ಎಳೆಯುವುದನ್ನು ಬಿಟ್ಟಳು. ಹಾಲು ಕುಡಿಯುವಾಗ ಮೇಲೆ ನೋಡುವುದನ್ನೂ ಬಿಟ್ಟಳು. ನನ್ನ ರವಿಕೆಯ ಗುಂಡಿಯನ್ನು ನೋಡುತ್ತಾ ಕುಡಿದು ಮುಗಿಸುತ್ತಿದ್ದಳು. ಅಳುವುದೂ ನಿಂತಿತು. ಸದ್ಯ, ಹೆದರಿಕೆ ಹೋಯಿತು ಅಂದುಕೊಂಡೆ. ಎಂಥ ಪೆದ್ದಿ ನಾನು! ನನ್ನ ಮಗಳು ನನ್ನ ಮುಖವನ್ನು ಹುಡುಕುವುದನ್ನೇ ಕೈಬಿಟ್ಟಿದ್ದಳು.

ಮೂರು ವಾರ ಕಳೆದಿರಬೇಕು. ಊರಿನಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ದಿನ ಗೊತ್ತಾಗಿದೆ ಎಂದು ಮಾವನವರಿಂದ ಫೋನು ಬಂತು. ಅತ್ತೆ ನನ್ನನ್ನೂ ಕೂಸನ್ನೂ ಕರೆದುಕೊಂಡು ಔರಾದ ಬಸ್ಸು ಹತ್ತಿದರು. ಅವರದು ತಲೆಮಾರುಗಳಿಂದ ಕುರಿ ಸಾಕುವ ಮನೆತನ. ಒಣಬೇಸಾಯದ ಹೊಲ, ಅಂಚಿಗೆ ಕುರಿದೊಡ್ಡಿ.

ಹೋದ ದಿನವೇ ಒಂದು ನೋಟ ಕಂಡೆ. ಮಾವ ಹೊಲದ ಆ ತುದಿಯಲ್ಲಿದ್ದರು, ಅತ್ತೆ ನನ್ನ ಜೊತೆ ಈ ತುದಿಯಲ್ಲಿ. ಮಾವ ಗದ್ದವನ್ನು ಒಂದಿಷ್ಟು ಮೇಲೆತ್ತಿದರು. ಅತ್ತೆ ತಲೆಯನ್ನು ಬೇಲಿಯ ಕಡೆ ವಾಲಿಸಿ, ಅಂಗೈ ಎದೆಯ ಹತ್ತಿರ ತಂದು ಇಳಿಸಿದರು. ಮಾವ ಮನೆಯ ದಾರಿ ಹಿಡಿದರು.

"ಏನಂದ್ರಿ ಅತ್ತಿ?" ಎಂದು ಕೇಳಿದೆ.

"ಕುಂಟ ಕುರಿ ಎಲ್ಲಿ ಅದ ಅಂತ ಕೇಳಿದ್ರು. ಬೇಲಿ ಬಾಜೂಕ ಮೇಯ್ಲಿಕತ್ತದ, ನಾ ನೋಡ್ಕೋತೇನಿ, ನೀವು ಹೋಗಿ ಉಣ್ರಿ ಅಂದೆ."

ಇಷ್ಟೆಲ್ಲ ಮಾತು ನನ್ನ ಕಣ್ಣೆದುರೇ ನಡೆದುಹೋಗಿತ್ತು, ಒಂದಕ್ಷರವೂ ನನಗೆ ಕೇಳಿಸಿರಲಿಲ್ಲ. ಒಂದು ಹುಬ್ಬನ್ನಿಟ್ಟುಕೊಂಡು ಮೆರೆದ ನಾನು ಇವರ ಮುಂದೆ ಇನ್ನೂ ಒಂದನೇ ಈಯತ್ತೆ ಅನ್ನಿಸಿ, ಸ್ಕಾರ್ಫಿನೊಳಗೇ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಉಣ್ಣೆ ಕತ್ತರಿಸುವವರು ಬಂದರು. ಮರಿಗಳನ್ನು ಬೇರೆ ಕೂಡಿಹಾಕಿ ತಾಯಿ ಕುರಿಗಳನ್ನು ಒಂದೊಂದಾಗಿ ಕೆಡವಿ ಕತ್ತರಿ ಆಡಿಸಿದರು. ಕಪ್ಪು ಉಣ್ಣೆ ಹೊರೆಹೊರೆಯಾಗಿ ಬಿತ್ತು. ಎದ್ದು ನಿಂತ ಕುರಿಗಳು ಬೋಳಾಗಿ, ಸಣಕಲಾಗಿ, ಬೇರೆ ಯಾರೋ ಆಗಿದ್ದವು. ಕೆಲಸ ಮುಗಿದ ಮೇಲೆ ಮಾವ ಮರಿಗಳ ತಟ್ಟಿ ತೆಗೆದರು.

ಅಲ್ಲಿ ನಡೆದದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ತಾಯಿಯ ಕೂಗು ಕೇಳಿ ಮರಿಗಳು ದೌಡಾಯಿಸಿದವು. ಹತ್ತಿರ ಬಂದು ಮುಖವೆತ್ತಿ ನೋಡಿ ಗಕ್ಕನೆ ನಿಂತವು. ಹಿಂದೆ ಸರಿದವು. ಕೂಗು ತನ್ನ ತಾಯಿಯದೇ, ರೂಪ ಮಾತ್ರ ಅಲ್ಲ. ಮರಿ ಅರಚಿತು, ತಾಯಿ ಅರಚಿತು, ದೊಡ್ಡಿ ತುಂಬ ಒಂದೇ ಗದ್ದಲ. ಮರಿ ಮತ್ತೆ ಬಂದಿತು, ಮೂಸಿತು, ಮತ್ತೆ ಓಡಿತು. ತಾಯಿ ಕುರಿಗಳು ಮಾತ್ರ ಜಾಗ ಬಿಟ್ಟು ಕದಲಲಿಲ್ಲ; ಬೋಳು ಮೈಯನ್ನು ಹಾಗೇ ಒಡ್ಡಿಕೊಂಡು ಕೂಗುತ್ತಾ ನಿಂತವು. ಸ್ವಲ್ಪ ಹೊತ್ತಿಗೆ ಒಂದು ಮರಿ ಮೊಣಕಾಲೂರಿ ಕೆಚ್ಚಲಿಗೆ ಬಾಯಿ ಹಚ್ಚಿತು. ಆಮೇಲೆ ಇನ್ನೊಂದು. ಗದ್ದಲ ತಾನಾಗಿಯೇ ತಣ್ಣಗಾಯಿತು.

ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅತ್ತೆ ಕೂಸನ್ನು ಎತ್ತಿಕೊಂಡು ನನ್ನ ಮುಂದೆ ಬಂದು ನಿಂತರು.

"ನೋಡಿದೇನು? ಪ್ರತಿ ವರ್ಷ ಹಿಂಗೇ ಆಗ್ತದ. ಮರಿ ಗುರ್ತ ಹಿಡೀವಲ್ದು ಅಂತ ತಾಯಿಗಿ ಕಂಬಳಿ ಹೊಚ್ಚತೇವೇನು? ಎರಡೂ ಒಂದೇ ಕಡಿ ಬಿಡ್ತೇವಿ. ಅಳ್ತಾವ, ಮತ್ತ ಗುರ್ತ ಹಿಡೀತಾವ." ಕೂಸನ್ನು ನನ್ನ ಕಡೆ ತಿರುಗಿಸಿ ಅಂದರು: "ನಿನ್ನ ಕೂಸು ನಕ್ಕು ಎಷ್ಟು ದಿನ ಆಯ್ತು, ನಿನಗ ಗೊತ್ತದ ಏನು? ಯಾರ ಕೂಡನೂ ನಗವಲ್ದು. ನನ್ನ ಕೂಡನೂ ಇಲ್ಲ. ತಗಿ ಅದನ್ನ."

ಕನ್ನಡಕ ತೆಗೆದೆ, ಸ್ಕಾರ್ಫ್ ಬಿಚ್ಚಿದೆ. ಮೂರು ವಾರದ ಮೇಲೆ ಮುಖಕ್ಕೆ ಬಿಸಿಲು ತಾಗಿತು. ಮಗಳು ನೋಡಿದಳು. ಅತ್ತಳು, ಅಜ್ಜಿಯ ಕುತ್ತಿಗೆಗೆ ಮುಖ ಒತ್ತಿಕೊಂಡಳು. ಓಡಿಹೋಗಬೇಕು ಅನ್ನಿಸಿತು, ಆ ಬೋಳು ಕುರಿಗಳನ್ನು ಕಂಡು ಕದಲದೆ ನಿಂತೆ. ಅವಳ ಹೆಸರು ಹಿಡಿದು ಕರೆದೆ. ಒಂದು ಕಣ್ಣಿನಿಂದ ನೋಡಿ ಮತ್ತೆ ಅಡಗಿದಳು. ಮತ್ತೆ ಕರೆದೆ. ಕೊನೆಗೆ ಕೈ ಚಾಚಿ ನನ್ನ ಎಡಗೆನ್ನೆಯನ್ನು ಮುಟ್ಟಿದಳು. ಚಿವುಟಿದಳು, ಎಳೆದಳು, ಬಿಟ್ಟಳು. ಅದು ಏನೂ ಹೇಳಲಿಲ್ಲ. ಬಲಗೆನ್ನೆಯ ಮೇಲೆ ಅಂಗೈ ಇಟ್ಟಳು. ನಾನು ನಕ್ಕೆ, ಅಂಗೈಯ ಕೆಳಗೆ ಕೆನ್ನೆ ಏರಿತು. ಅವಳ ಕಣ್ಣು ಅಗಲವಾದವು. ದೇವರೇ, ಯಾರೂ, ಹುಟ್ಟಿಸಿದವರೂ, ಕಟ್ಟಿಕೊಂಡವರೂ ನನ್ನನ್ನು ಅಷ್ಟು ಹೊತ್ತು, ಅಷ್ಟು ಗಮನವಿಟ್ಟು ನೋಡಿರಲಿಲ್ಲ.

ಆ ವಾರವೆಲ್ಲ ಅವಳು ನನ್ನ ಮುಖವನ್ನು ಓದಿದಳು. ಎರಡನೇ ದಿನಕ್ಕೆ ಎಡಭಾಗವನ್ನು ನೋಡುವುದೇ ವ್ಯರ್ಥವೆಂದು ತೀರ್ಮಾನಿಸಿದಂತಿತ್ತು. ನಾನು ಯಾವ ತೊಡೆಯ ಮೇಲೆ ಕೂರಿಸಿಕೊಂಡರೂ ಹೊರಳಿ, ತೆವಳಿ ಬಲಗಡೆಗೆ ಬರುತ್ತಿದ್ದಳು. ಮಾತಿಗಿಂತ ಮೊದಲು, ನಡಿಗೆಗಿಂತ ಮೊದಲು, ಹಲ್ಲು ಪೂರ್ತಿ ಬರುವುದಕ್ಕೂ ಮೊದಲು ಮನುಷ್ಯನಿಗೆ ಈ ಒಂದು ವಿದ್ಯೆ ಯಾರು ಕೊಟ್ಟರೋ! ನಾನು ಹತ್ತಿರದಲ್ಲೇ ಕೂತು ಬೆರಗಾಗಿ ನೋಡುತ್ತಿದ್ದೆ.

ಎಂಟನೇ ದಿನ ಅವಳು ನಕ್ಕಳು. ನನ್ನನ್ನು ನೋಡಿಯೇ ನಕ್ಕಳು. ಆದರೆ ಅವಳ ಎಡಗೆನ್ನೆ ಏರಿತು, ಬಲಗೆನ್ನೆ ಸುಮ್ಮನಿತ್ತು. ಬಾಯಿ ಒಂದೇ ಕಡೆಗೆ ಎಳೆದುಕೊಂಡಿತ್ತು. ಇನ್ನೊಮ್ಮೆ ನಗಿಸಿದೆ, ಹಾಗೇ ನಕ್ಕಳು. ಮಗ್ಗುಲ ಮನೆಯಾಕೆಯ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ನಾನೇ ಮುಖ ತೋರಿಸಿ ನನ್ನ ಕೂಸಿನ ಮುಖ ಕೆಡಿಸಿದೆನೆಂದು ಬಡಬಡಿಸುತ್ತಾ ಸಿಕ್ಕ ಮೊದಲ ಬಸ್ಸಿಗೆ ಬೀದರಿಗೆ ಹೊರಟೆ. ಅತ್ತೆಯೂ ಬಂದರು. ದಾರಿಯುದ್ದಕ್ಕೂ ಅವರೊಡನೆ ಒಂದು ಮಾತೂ ಆಡಲಿಲ್ಲ. ಸ್ಕಾರ್ಫ್ ಬಿಚ್ಚಿಸಿದವರು ಅವರೇ ಅಲ್ಲವೇ ಎಂಬ ಸಿಟ್ಟು.

ಮಕ್ಕಳ ಡಾಕ್ಟರಮ್ಮ ವಯಸ್ಸಾದವರು. ನಾನು ಹೇಳಿದ್ದನ್ನೆಲ್ಲ ಕೇಳಿ, ಮಗಳ ಕೈಯಲ್ಲಿದ್ದ ಗಿಲಕಿಯನ್ನು ಮೆಲ್ಲಗೆ ಕಸಿದುಕೊಂಡರು. ಅವಳು ಕಿರುಚಿ ಅತ್ತಳು. ಹಣೆಯ ಎರಡೂ ಕಡೆ ಗೆರೆ ಮೂಡಿದವು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದವು, ಬಾಯಿ ಚೌಕಾಕಾರವಾಗಿ ತೆರೆಯಿತು.

"ನರ ಛಲೋ ಅದಾವ್ರಿ, ಎರಡೂ ಕಡಿ," ಅಂದರು. ಗಿಲಕಿಯನ್ನು ಕೊಟ್ಟು ಅತ್ತೆಗೆ, "ಆಯಿ, ನೀವು ಆಡಸ್ರಿ," ಅಂದರು.

ಅತ್ತೆ ಗದ್ದ ಕುಣಿಸಿ ನಾಲಗೆಯಿಂದ ಲೊಚ್ ಲೊಚ್ ಅಂದರು. ಮಗಳು ಕಣ್ಣೀರಿನಲ್ಲೇ ನಕ್ಕಳು. ಎರಡೂ ಕೆನ್ನೆ ಉಬ್ಬಿದವು, ಇಡೀ ಮುಖ ಅರಳಿತು. ಡಾಕ್ಟರಮ್ಮ ಅವಳನ್ನು ನನ್ನ ಕಡೆಗೆ ತಿರುಗಿಸಿದರು.

ಅವಳು ನನ್ನನ್ನು ನೋಡಿದಳು. ನಗು ಮುಖದ ಮೇಲೆ ಒಂದು ಗಳಿಗೆ ತಡೆಯಿತು. ಬಲಗೆನ್ನೆ ಇಳಿದು ಸುಮ್ಮನಾಯಿತು. ಎಡಗೆನ್ನೆ ಮಾತ್ರ ಮೇಲೆ ಹೋಯಿತು.

"ನೋಡಿದ್ರೇನ್ರಿ?" ಡಾಕ್ಟರಮ್ಮನ ದನಿ ಸಣ್ಣದಾಗಿತ್ತು. "ಕನ್ನಡ್ಯಾಗ ಕಂಡಂಗ ಮಾಡ್ಲಿಕತ್ತಾಳ. ಇಷ್ಟು ವರ್ಷದಾಗ ನಾ ಇದನ್ನ ನೋಡಿಲ್ರಿ. ಲೋಕಕ್ಕೆಲ್ಲ ಒಂದು ನಗಿ, ನಿಮಗಂತ ಒಂದು ನಗಿ."

ನಮ್ಮ ಬೀದರಿನ ತರಕಾರಿ ಸಂತೆಯಲ್ಲಿ ಮಾರುವ ಹೆಂಗಸು ಎದುರಿಗೆ ಬಂದವರ ಮುಖ ನೋಡಿಯೇ ಭಾಷೆ ಬದಲಿಸುತ್ತಾಳೆ; ಒಬ್ಬರಿಗೆ ಮರಾಠಿ, ಇನ್ನೊಬ್ಬರಿಗೆ ತೆಲುಗು, ಮತ್ತೊಬ್ಬರಿಗೆ ದಖನಿ, ನನಗೆ ಕನ್ನಡ. ಅದನ್ನು ಅವಳು ಬದುಕಿನುದ್ದಕ್ಕೂ ಕಲಿತಿರುತ್ತಾಳೆ. ಎಂಟು ತಿಂಗಳ ನನ್ನ ಕೂಸು, ಒಂದು ಮಾತೂ ಬಾರದ ಕೂಸು, ತಾಯಿಗೆ ಬರುವುದು ಅರ್ಧ ನಗು ಮಾತ್ರ ಎಂದು ತಿಳಿದು, ತನಗೆ ಪೂರ್ತಿ ಬರುತ್ತಿದ್ದರೂ, ನನ್ನ ಜೊತೆ ಅರ್ಧವನ್ನೇ ಆಡುತ್ತಿದ್ದಳು.

ಅತ್ತೆಯ ಮುಖ ನೋಡಿದೆ. ಬಸ್ಸಿನಲ್ಲಿ ಮಾತು ಬಿಟ್ಟಿದ್ದಕ್ಕೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರು ಗದ್ದ ಒಂದಿಷ್ಟು ಎತ್ತಿ ಕೂಸಿನ ಕಡೆ ತೋರಿಸಿದರು. ಈ ಸಲ ನನಗೆ ಅರ್ಥವಾಯಿತು. ಮಗಳನ್ನು ಎತ್ತಿ ನನ್ನ ಮುಖದ ಸಮಕ್ಕೆ ಹಿಡಿದು, ನನ್ನಲ್ಲಿದ್ದ ಅರ್ಧ ನಗುವನ್ನು ಅಷ್ಟೂ ನಕ್ಕೆ.