ಬೇಸಿಗೆ ಟೈರಿಗೆ ಹಚ್ಚಿದ ಕುಸುಬಿ ಎಣ್ಣೆ

ನಿಮ್ಮ ಅಕ್ಕ ಕಾರಿನ ಸ್ಪರ್ಧೆ ಬಿಟ್ಟದ್ದು ಟೈರಿನ ಆಯ್ಕೆ ತಪ್ಪಿದ್ದರಿಂದ ಎಂದು ನೀವೆಲ್ಲ ತಿಳಿದಿದ್ದೀರಿ. ಊಟಕ್ಕೆ ಕೂತಾಗ ಆ ಮಾತು ತೆಗೆದು ಅವಳನ್ನು ಕಾಡಿಸುತ್ತೀರಿ ಕೂಡ. ಅದು ನಿಜವಲ್ಲ ಮಕ್ಕಳೇ. ನಿಮ್ಮ ಅಜ್ಜಿಯಾದ ನಾನು ನಾಲ್ಕು ಜನರ ಮುಂದೆ ಮಾತಾಡಿದವಳಲ್ಲ, ಊರ ಶಾಲೆಯಲ್ಲಿ ಏಳನೆಯ ಇಯತ್ತೆ ಕಲಿತವಳು. ಬರೆಯಲು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಚಳಿಗಾಲದ ಹಿಂದಿನ ಮಾತು. ಅಕ್ಕ ಆಗ ನಿಪ್ಪಾಣಿಯಲ್ಲಿ ಕಾಲೇಜಿಗೆ ಸೇರಿ ಒಂದು ವರ್ಷವಾಗಿತ್ತು. ಅಲ್ಲಿಯ ಗೆಳತಿಯರ ಜೊತೆ ಆಟೋಕ್ರಾಸ್ ಎಂಬ ಹೊಸ ಹುಚ್ಚು ಹಿಡಿಸಿಕೊಂಡಿದ್ದಳು. ಡಾಂಬರು ಹಾಕಿದ ಬಯಲಿನಲ್ಲಿ ರಬ್ಬರಿನ ಶಂಕುಗಳನ್ನು ಇಟ್ಟು, ಅವುಗಳ ನಡುವೆ ಒಂದೊಂದೇ ಕಾರು ಓಡಿಸಿ, ಯಾರು ಬೇಗ ಮುಗಿಸಿದರು ಎಂದು ನೋಡುವ ಸ್ಪರ್ಧೆ. ಶಂಕು ಬೀಳಬಾರದು. ನಮ್ಮ ಮನೆಯ ಕಾರು ಒಯ್ದು ಎರಡು ಸಲ ಓಡಿಸಿ ಬಂದವಳು ಈ ಸಲ ಟೈರು ಬದಲಿಸಬೇಕೆಂದು ಅಪ್ಪನ ಬೆನ್ನು ಹತ್ತಿದಳು.

ಬೇಸಿಗೆ ಟೈರು ಎಂಬುದೊಂದಿದೆಯಂತೆ. ರಬ್ಬರು ಮೆತ್ತಗೆ, ಒಣ ಡಾಂಬರನ್ನು ಗಟ್ಟಿಯಾಗಿ ಹಿಡಿಯುತ್ತದೆ, ಜೋರಾಗಿ ತಿರುಗಿಸಿದರೂ ಬಿಡುವುದಿಲ್ಲ. ಇನ್ನೊಂದು ಎಲ್ಲ ಕಾಲಕ್ಕೂ ನಡೆಯುವುದು. ಮಳೆಗೂ ಚಳಿಗೂ ಸರಿ, ಆದರೆ ತಿರುವಿನಲ್ಲಿ ಬೇಗ ಜಾರುತ್ತದೆ. ಇದನ್ನೆಲ್ಲ ಅವಳು ನನಗೆ ಜೋಳದ ಹಿಟ್ಟು ಜರಡಿ ಹಿಡಿಯುವಾಗ ಹೇಳಿದ್ದಳು.

ನಿಮ್ಮ ಅಪ್ಪ ಒಪ್ಪಲಿಲ್ಲ. “ಕಬ್ಬಿನ ಹಂಗಾಮಿನ್ಯಾಗ ನಮ್ಮ ರಸ್ತೆ ನೋಡಿಯಿಲ್ಲ? ರಾಡಿ, ಕಬ್ಬಿನ ಒಣ ರವದಿ ಎಲ್ಲಾ ಬಿದ್ದಿರ್ತೈತಿ. ಎಲ್ಲಾ ಕಾಲಕ್ಕೂ ನಡಿಯೂ ಟೈರೇ ಚಲೋ” ಎಂದ.

“ಅಪ್ಪಾ, ನಾ ರವದಿ ಮ್ಯಾಲ ಓಡಸಾಕ ಹೊಂಟಿಲ್ಲ. ಚಪ್ಪಲಿ ಹಾಕ್ಕೊಂಡು ಯಾರರೆ ಕುಸ್ತಿ ಆಡ್ತಾರೇನು?” ಎಂದಳು ಅವಳು.

ಅವನಿಗೆ ನಗು ಬಂತು. ಕೊನೆಗೆ, ದಿನಾ ಓಡಿಸಲು ಹಳೆಯ ಟೈರೇ ಇರಲಿ, ಬೇಸಿಗೆ ಟೈರುಗಳನ್ನು ದ್ರಾಕ್ಷಿ ಸಾಗಿಸುವ ಪಿಕಪ್‌ನಲ್ಲಿ ಒಯ್ದು ಬಯಲಿನಲ್ಲೇ ಹಾಕಿದರಾಯಿತು ಎಂದು ತೀರ್ಮಾನವಾಯಿತು. ಆದರೆ ಒಂದು ಷರತ್ತು ಹಾಕಿದ. “ಈ ಸಲ ನಿನ್ನ ಮಾತ. ತಪ್ಪಿತಂದ್ರ ಮತ್ತ ಸ್ಪರ್ಧೆ ಹೆಸರ ತಗೀಬಾರದು.” ಅವಳು ಹೂಂ ಅಂದಳು.

ಚಿಕ್ಕೋಡಿಯಿಂದ ಟೈರುಗಳು ಶನಿವಾರ ಬಂದವು. ಗಾಲಿಗೆ ಕೂಡಿಸಿಯೇ ತಂದಿದ್ದರು. ಮಧ್ಯಾಹ್ನ ಎಲ್ಲರೂ ತೋಟಕ್ಕೆ ಹೋದಾಗ ನಾನು ಪಡಸಾಲೆಯಲ್ಲಿ ಅವುಗಳ ಮುಂದೆ ಕೂತೆ. ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ಎತ್ತಿನ ಗಾಡಿಯ ಶರ್ಯತ್ತಿಗೆ ಹೋಗುವ ಹಿಂದಿನ ದಿನ ಎತ್ತುಗಳ ಕೋಡಿಗೆ, ಗೊರಸಿಗೆ ಎಣ್ಣೆ ಹಚ್ಚುವ ಕೆಲಸ ನನ್ನದಾಗಿತ್ತು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಅವರು ಹಾಕುತ್ತಿದ್ದರು. ಎಣ್ಣೆ ಕಾಣದ ಗಾಲಿ ಓಡುವುದಿಲ್ಲ ಎಂಬುದೊಂದೇ ನನಗೆ ಗೊತ್ತಿದ್ದದ್ದು. ಹೊಸ ಟೈರಿನ ಮೇಲೆ ಬಿಳಿ ಬೂದಿಯಂಥದ್ದು ಕೂತಿತ್ತು. ಒಣಗಿದ ಗೊರಸಿನಂತೆಯೇ ಕಂಡಿತು. ಒಂದು ಬಟ್ಟಲು ಕುಸುಬಿ ಎಣ್ಣೆ ತಂದು, ಹಳೆಯ ಸೀರೆಯ ತುಂಡಿನಿಂದ ನಾಲ್ಕಕ್ಕೂ ತಿಕ್ಕಿದೆ. ನೆಲಕ್ಕೆ ತಾಗುವ ಮಗ್ಗುಲನ್ನೇ ಹೆಚ್ಚು ತಿಕ್ಕಿದೆ. ಓಡುವುದು ಅದೇ ಅಲ್ಲವೇ? ಯಾರಾದರೂ ನಕ್ಕಾರೆಂದು ಬಟ್ಟಲು ತೊಳೆದಿಟ್ಟು ಸುಮ್ಮನಾದೆ.

ಮರುದಿನ ನಿಮ್ಮ ಅಪ್ಪನ ಜೊತೆ ನಾನೂ ಪಿಕಪ್‌ನಲ್ಲಿ ಹೋದೆ. ನಿಪ್ಪಾಣಿಯ ಹತ್ತಿರ ಮನೆಗಳಿನ್ನೂ ಏಳದ ಹೊಸ ಲೇಔಟಿನಲ್ಲಿ ಸ್ಪರ್ಧೆ. ಅವಳೇ ಜಾಕ್ ಹಾಕಿ ನಾಲ್ಕೂ ಗಾಲಿ ಬದಲಿಸಿದಳು. ಚಳಿಗೆ ಕೈಗವಸು ತೊಟ್ಟಿದ್ದಳು, ಜಿಡ್ಡು ಗೊತ್ತಾಗಿರಲಿಕ್ಕಿಲ್ಲ. ಮೊದಲ ಶಂಕು ದಾಟಿದಳು. ಎರಡನೆಯದರ ಬಳಿ ಕಾರು ತಿರುಗುವ ಬದಲು ಅಡ್ಡಡ್ಡ ಹೋಯಿತು, ಒಂದು ಸುತ್ತು ಸುತ್ತಿ ಮಣ್ಣಿನ ದಿಬ್ಬಕ್ಕೆ ಬಡಿದು ನಿಂತಿತು. ಅವಳಿಗೆ ಏನೂ ಆಗಲಿಲ್ಲ. ಮುಂದಿನ ಬಂಪರ್ ಸೀಳಿತು, ಆ ದಿನದ ಓಟ ಅಲ್ಲಿಗೆ ಮುಗಿಯಿತು.

ಅವಳು ಇಳಿದು, ಕೈಗವಸು ತೆಗೆದು ಟೈರು ಮುಟ್ಟಿ ನೋಡಿದಳು. ನಂತರ ನನ್ನ ಹತ್ತಿರ ಬಂದಳು.

“ಆಯಿ, ಟೈರಿಗೆ ಯಾರರೆ ಏನರೆ ಹಚ್ಚ್ಯಾರೇನು? ಜಿಡ್ಡ ಅನಸಾಕತ್ತೈತಿ.”

ಸುತ್ತಲೂ ಅಪರಿಚಿತ ಗಂಡಸರು ನಿಂತಿದ್ದರು. ಎಲ್ಲರೂ ನನ್ನತ್ತ ನೋಡುತ್ತಿದ್ದಂತೆ ಅನಿಸಿತು.

“ಇಲ್ಲವಾ, ಯಾರ ಹಚ್ತಾರ?” ಎಂದೆ.

“ಸೋತ ಮ್ಯಾಲ ನೆವಾ ಭಾಳ ಸಿಗ್ತಾವ” ಎಂದ ನಿಮ್ಮ ಅಪ್ಪ. ಅವಳು ಹೋಗಿ ಗಾಲಿ ಬಿಚ್ಚತೊಡಗಿದಳು. ಆ ಟೈರುಗಳನ್ನು ಅವನು ರಾಯಬಾಗದ ಒಬ್ಬರಿಗೆ ಮಾರಿದ. ಅವಳು ಕೊಟ್ಟ ಮಾತಿಗೆ ತಪ್ಪಲಿಲ್ಲ, ಆಮೇಲೆ ಒಮ್ಮೆಯೂ ಸ್ಪರ್ಧೆಯ ಹೆಸರೆತ್ತಲಿಲ್ಲ.

ಎಣ್ಣೆ ಹಚ್ಚಿದ್ದು ತಿಳಿಯದೆ ಮಾಡಿದ್ದು. ಇಲ್ಲ ಎಂದದ್ದು ತಿಳಿದೇ ಹೇಳಿದ್ದು. ಎರಡು ವರ್ಷ ಈ ಎರಡನ್ನೂ ಕಲಸಿ, ಗೊತ್ತಾಗದೆ ಆಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೊನ್ನೆ ನಿಮ್ಮ ಅಪ್ಪನಿಗೆ ಹೇಳಿದೆ. ಅವನು ಚಹಾದ ಕಪ್ಪನ್ನು ಕೆಳಗಿಟ್ಟ. “ನನಗ್ಯಾಕ ಹೇಳ್ತಿ ಅವ್ವಾ? ಆಕಿಗೆ ಹೇಳು” ಎಂದು ತಾನೇ ಫೋನು ಹಚ್ಚಿ ನನ್ನ ಕೈಗೆ ಕೊಟ್ಟ.

ಹೇಳಿದೆ.

“ಚಳಿಯಾಗ ಟೈರ್ ಬಿಸಿ ಮಾಡಿಕೊಳ್ಳದ ಓಡಿಸಿದೆ, ಅದಕ್ಕ ಜಾರಿತು, ನಂದ ತಪ್ಪು ಅಂತ ತಿಳ್ಕೊಂಡಿದ್ನಿ ಆಯಿ” ಎಂದಳು. “ಎರಡ ವರ್ಷ.”

ಎಣ್ಣೆಗೆ ಅವಳು ಸಿಟ್ಟಾಗಲಿಲ್ಲ. ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಹಾಗೆ ಅನ್ನು ಎಂದು ನಾನೂ ಕೇಳಲಿಲ್ಲ. ಫೋನನ್ನು ಅಪ್ಪನಿಗೆ ಕೊಡು ಎಂದಳು. ಅವನು ಅದನ್ನು ಕಿವಿಗೆ ಹಿಡಿದು ಅಂಗಳಕ್ಕೆ ಹೋದ. ಅಲ್ಲಿ ಅವನು ಅವಳಿಗೆ ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಇನ್ನು ಮೇಲೆ ಊಟಕ್ಕೆ ಕೂತಾಗ ಟೈರಿನ ಮಾತು ತೆಗೆದು ಕಾಡಿಸಬೇಕೆನಿಸಿದರೆ ನನ್ನನ್ನು ಕಾಡಿಸಿ.