ಎರಡನೇ ಪಂಕ್ತಿಯ ಬಳೆ ಖಾಲಾ

ಅವರ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ಬಳೆ ತೊಡಿಸುವಾಗ ಬೇರೆಯವರ ಕೈಗೆಣ್ಣುಗಳನ್ನು ಒತ್ತಿ ಒತ್ತಿ ಅದು ಹಾಗೆಯೇ ನಿಂತುಬಿಟ್ಟಿತ್ತು. ಅಂಗೈಯಲ್ಲಿ ಒಡೆದ ಗಾಜು ಎಳೆದ ಸಣ್ಣ ಬಿಳಿ ಗೀರುಗಳು. ಮದುವೆ ಹೆಣ್ಣು ನೋವಿಗೆ ಕೈ ಎಳೆದುಕೊಂಡರೆ ಅವರು ಬೈಯುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ. ಆ ಪುಟ್ಟ ಕೈಯನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡು, "ಸುಮ್ನಿರವ್ವ, ಊಟದ ಹಾಡು ಬರ್ಲಿ. ಅದ್ರಾಗೆ ಒಂದೂ ಒಡೆಯಾಕಿಲ್ಲ" ಎನ್ನುತ್ತಿದ್ದರು.

ಹೊನ್ನಾಳಿಯಲ್ಲಿ ನಮ್ಮ ಮನೆಯ ಎದುರಿಗೆ ಅವರ ಬಳೆ ಅಂಗಡಿ. ಊರಿಗೆಲ್ಲ ಅವರು ಬಳೆ ಖಾಲಾ, ಬಳೆ ಚಿಕ್ಕಮ್ಮ. ನ್ಯಾಮತಿ, ಚನ್ನಗಿರಿ, ಒಮ್ಮೊಮ್ಮೆ ಜಗಳೂರಿನವರೆಗೂ ಮದುವೆ ಮನೆಯವರು ಅವರನ್ನೇ ಕರೆಸುತ್ತಿದ್ದರು. ಮದುವೆಯ ಹಿಂದಿನ ಸಂಜೆ ಚಪ್ಪರದ ಒಂದು ಮೂಲೆಯಲ್ಲಿ ಬಳೆಯ ಮಲಾರ ಬಿಚ್ಚಿ ಕೂತರೆ, ಆ ಮನೆಯ ಹೆಂಗಸರೆಲ್ಲ ಅವರ ಮುಂದೆ ಕೈ ಚಾಚಬೇಕು.

ಚಪ್ಪರದ ಇನ್ನೊಂದು ಮೂಲೆಯಲ್ಲಿ 'ಉದ್ದ ಕೂದಲಿನವರು' ಇರುತ್ತಿದ್ದರು. ಎಂಬತ್ತರ ದಶಕದಲ್ಲಿ ನಮ್ಮ ಕಡೆಯ ಐವರು ಯುವಕರು ಕಟ್ಟಿದ ರಾಕ್ ಬ್ಯಾಂಡ್ ಅದು. ಅವರು ಇಟ್ಟುಕೊಂಡ ಇಂಗ್ಲಿಷ್ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ, ಕೂದಲು ಮಾತ್ರ ನಿಂತಿತು. ಬ್ಯಾಂಡ್ ಎಂದರೆ ಮೆರವಣಿಗೆಯ ಕಹಳೆಯವರು ಎಂದು ತಿಳಿದಿದ್ದ ಊರಿನಲ್ಲಿ ಅವರು ಎಲೆಕ್ಟ್ರಿಕ್ ಗಿಟಾರ್ ನುಡಿಸಿದರು. ತಾವೇ ಕನ್ನಡದಲ್ಲಿ ಹಾಡು ಬರೆದರು. ಕುಣಿಯುವ ಹಾಡುಗಳು ಕೆಲವಿದ್ದವು, ಅವು ಎಲ್ಲರ ಬಳಿಯೂ ಇರುವಂಥವೇ. ಅವರ ನಿಜವಾದ ಕಸುಬು ಕಾಣುತ್ತಿದ್ದುದು ನಿಧಾನದ ಪ್ರೇಮಗೀತೆಗಳಲ್ಲಿ.

ಆದರೆ ಮದುವೆ ಮನೆಗಳಲ್ಲಿ ಒಂದು ಕಟ್ಟಳೆ ಇತ್ತು. ಜನ ಎದುರಿಗಿರುವಾಗ ಕುಣಿಯುವ ಹಾಡು. ಮೊದಲ ಪಂಕ್ತಿಗೆ ಎಲೆ ಹಾಕಿದ ಮೇಲೆ ನಿಧಾನದ ಹಾಡು. ಯಜಮಾನರು ಕೈಸನ್ನೆ ಮಾಡಿ, "ಊಟದ ಹಾಡು ಶುರು ಮಾಡ್ರಪ್ಪ" ಎನ್ನುತ್ತಿದ್ದರು. ಎದೆ ಬಿಚ್ಚಿ ಬರೆದ ಹಾಡುಗಳಿಗೆ ಊರು ಕೊಟ್ಟ ಹೆಸರು ಅದು, ಊಟದ ಹಾಡು. ಸಾರು ಸುರಿದುಕೊಳ್ಳುವ ಸದ್ದಿನಲ್ಲಿ, ಇನ್ನಷ್ಟು ಪಲ್ಯ ಕೇಳುವ ಗಲಾಟೆಯಲ್ಲಿ ಅವು ಕಳೆದುಹೋದವು. ಕೇಳುತ್ತಿದ್ದವರು ಎರಡನೇ ಪಂಕ್ತಿಗೆ ಕಾಯುತ್ತಿದ್ದವರು ಮಾತ್ರ: ವ್ಯಾನಿನ ಡ್ರೈವರುಗಳು, ಬಳೆಗೆ ಸರದಿ ಬಾರದ ಹೆಂಗಸರು, ಸುಮ್ಮನೆ ಹಾಡಿಗಾಗಿಯೇ ಹಸಿದು ಕೂರುತ್ತಿದ್ದ ನಮ್ಮಂಥ ಕಾಲೇಜಿನವರು. ಮತ್ತು ಖಾಲಾ. ಅವರು ಮೊದಲ ಪಂಕ್ತಿಯಲ್ಲಿ ಉಂಡದ್ದನ್ನು ನಾನು ಕಾಣೆ.

ಆ ಹಾಡುಗಳಲ್ಲಿ ಒಂದನ್ನು ನಾವು ಕರ್ಚೀಫಿನ ಹಾಡು ಎನ್ನುತ್ತಿದ್ದೆವು. ನ್ಯಾಮತಿ ಬಸ್ ನಿಲ್ದಾಣ. ಕೊನೆಯ ಬಸ್ಸು. ಒಬ್ಬ ಕಿಟಕಿಯಿಂದ ಕರ್ಚೀಫು ಎಸೆದು ತನ್ನ ಪಕ್ಕದ ಸೀಟನ್ನು ಹುಡುಗಿಗಾಗಿ ಹಿಡಿದಿದ್ದಾನೆ. ಅವಳು ಬರುವುದಿಲ್ಲ. ನಿಂತು ಪ್ರಯಾಣಿಸುವವರು ಸೀಟು ಕೇಳುತ್ತಾರೆ, ಅವನು ಬರ್ತಾರೆ, ಬರ್ತಾರೆ ಎನ್ನುತ್ತಾನೆ. 'ಬಸ್ಸು ಹೊರಟರೂ ಖಾಲಿ, ಕರ್ಚೀಫು ಹಿಡಿದ ಸೀಟು' ಎಂಬ ಸಾಲಿಗೆ ಡ್ರಮ್ ನಿಂತುಬಿಡುತ್ತಿತ್ತು, ಗಿಟಾರಿನ ಒಂದೇ ತಂತಿ ಉಳಿಯುತ್ತಿತ್ತು. ಖಾಲಾ ಅತಿ ಬಿಗಿಯಾದ ಬಳೆಯನ್ನು ಆ ನಿಲುಗಡೆಗಾಗಿ ಕಾಯ್ದಿರಿಸುತ್ತಿದ್ದರು. ಹುಡುಗಿ ಹಾಡಿಗೆ ಕಿವಿ ಕೊಟ್ಟು ಕೈ ಸಡಿಲ ಬಿಟ್ಟ ಗಳಿಗೆಗೆ ಬಳೆ ಗೆಣ್ಣು ದಾಟಿರುತ್ತಿತ್ತು.

ಉದ್ದ ಕೂದಲಿನವರು ದಾವಣಗೆರೆಯಲ್ಲಿ ಒಂದು ಕ್ಯಾಸೆಟ್ ಮಾಡಿಸಿದ್ದರು. ಒಂದು ಮಗ್ಗುಲಿಗೆ ಕುಣಿಯುವ ಹಾಡು, ಇನ್ನೊಂದಕ್ಕೆ ನಿಧಾನದವು. ಕೊಂಡವರು ಎರಡನೇ ಮಗ್ಗುಲಿನ ಮೇಲೆ ಭಜನೆ ತುಂಬಿಸಿಕೊಂಡರು, ಕವ್ವಾಲಿ ತುಂಬಿಸಿಕೊಂಡರು, ಮಗುವಿನ ತೊದಲು ಮಾತು ತುಂಬಿಸಿಕೊಂಡರು. ಅಳಿಸದೆ ಉಳಿದದ್ದು ಖಾಲಾ ಬಳಿಯ ಪ್ರತಿ. ಬ್ಯಾಂಡ್ ಮುರಿದು, ಗಿಟಾರಿನವರು ತೀರಿಕೊಂಡು, ಹಾಡುತ್ತಿದ್ದವರು ನ್ಯಾಮತಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟ ಮೇಲೂ ಖಾಲಾ ಅಂಗಡಿಯಲ್ಲಿ ಅದು ತಿರುಗುತ್ತಲೇ ಇತ್ತು. ಮುಂದೆ ಅವರ ಮಗಳು ಅದನ್ನು ಮೊಬೈಲಿಗೆ ಇಳಿಸಿಕೊಟ್ಟಳು.

ಈಚೆಗೆ ಊರಿನ ಒಂದು ಸಾಂಸ್ಕೃತಿಕ ಸಮಿತಿಗೆ ಉದ್ದ ಕೂದಲಿನವರ ನೆನಪಾಯಿತು. ಆಮಂತ್ರಣ ಪತ್ರಿಕೆ ಹಿಡಿದು ಬಂದ ಸಮಿತಿ ಅಧ್ಯಕ್ಷರನ್ನು ಖಾಲಾ ಅಂಗಡಿ ಮೆಟ್ಟಿಲಲ್ಲೇ ನಿಲ್ಲಿಸಿ ನನ್ನಿಂದ ಓದಿಸಿದರು. 'ಮದುವೆ ಮನೆಗಳನ್ನು ಕುಣಿಸಿದ ಕಲಾವಿದರಿಗೆ ಸನ್ಮಾನ' ಎಂದಿತ್ತು.

"ಕುಣಿಸೋದಾದ್ರೆ ಕರಡಿ ಆಡಿಸೋನೂ ಕುಣಿಸ್ತಾನ್ರಿ" ಎಂದರು ಖಾಲಾ. "ಅಳಿಸಿದ್ದು ಯಾರು ಅಂತ ಬರೀರಿ."

"ಸಂತೋಷದ ಸಮಾರಂಭ ಖಾಲಾ, ಅಳೋದು ಯಾಕೆ?"

"ಒಂದೇ ಒಂದು ಹಾಡು. ಜನ ಕೂತು ಕೇಳ್ಬೇಕು. ಎಲೆ ಮುಂದೆ ಅಲ್ಲ, ಕುರ್ಚಿ ಮ್ಯಾಲೆ. ಅಷ್ಟು ಮಾಡ್ತೀರೋ ಇಲ್ಲೋ?"

ಅಧ್ಯಕ್ಷರು ಮಾಡುತ್ತೇವೆ ಎಂದರು. ಆ ಮಾತಿಗೆ ನಾನು ಸಾಕ್ಷಿ.

ಸಮಾರಂಭ ಮಧ್ಯಾಹ್ನ ಸಮುದಾಯ ಭವನದಲ್ಲಿ ನಡೆಯಿತು. ಭಾಷಣಗಳಾದವು, ಶಾಲು ಹಾರಗಳಾದವು. ನ್ಯಾಮತಿಯ ಆ ಹಾಡುಗಾರರಿಂದ ಕುಣಿಯುವ ಹಾಡು ಹೇಳಿಸಿ ಅತಿಥಿಗಳು ವೇದಿಕೆಯ ಮೇಲೆಯೇ ಕುಣಿದರು. ಕೊನೆಗೆ ಹಾಡುಗಾರರು ಗಂಟಲು ಸರಿಮಾಡಿಕೊಂಡು, "ಈಗ ಕರ್ಚೀಫಿನ ಹಾಡು" ಎಂದರು. ನಿರೂಪಕ ಅವರ ಕೈಯಿಂದ ಮೈಕು ತೆಗೆದುಕೊಂಡ. "ಊಟ ಸಿದ್ಧವಾಗಿದೆ ಬಂಧುಗಳೇ. ಈ ಸುಮಧುರ ಗೀತೆ ಕೇಳುತ್ತಾ ಊಟಕ್ಕೆ ತೆರಳಬೇಕು."

ಕುರ್ಚಿಗಳು ಕಿರುಗುಟ್ಟಿದವು. ಮುಂದಿನ ಸಾಲಿನಲ್ಲಿ ಖಾಲಾ ಎದ್ದು ನಿಂತರು.

"ತಡಿಯಪ್ಪ, ಹಾಡಬ್ಯಾಡ ನೀನು!"

ಹಾಡುಗಾರರು ನಿಂತರು. "ಅನ್ನ ಆರಿ ಹೋಗ್ತೈತೆ ಕಣಮ್ಮ" ಎಂದ ನಿರೂಪಕ.

"ಅನ್ನ ಮತ್ತೆ ಬಿಸಿ ಮಾಡಾಕೆ ಬರ್ತೈತೆ. ಈ ವಯಸ್ನಾಗೆ ಇವ್ರ ಗಂಟ್ಲು ಮತ್ತೆ ಬಿಸಿ ಮಾಡಾಕೆ ಬರ್ತೈತೇನು?" ಎಂದು ಜನರ ಕಡೆ ತಿರುಗಿದರು. "ಹೋಗ್ರಿ, ಉಂಡು ಬರ್ರಿ. ಹಾಡು ಕಾಯ್ತೈತೆ. ಸೀಟಿಗೆ ಕರ್ಚೀಫು ಹಾಕಿ ಹೋಗ್ರಿ. ಬಸ್ಸಿಗೆ ಹಾಕಾಕಿಲ್ವಾ?"

ಜನ ನಕ್ಕರು. ಹಿಂದಿನ ಸಾಲಿನಿಂದ ಒಬ್ಬ ನಿವೃತ್ತ ಕಂಡಕ್ಟರ್, "ಕರ್ಚೀಫು ಹಾಕಿದ್ರೆ ಸೀಟು ನಿಮ್ದಾಗಲ್ರೀ, ಟಿಕೆಟ್ ತಗೋಬೇಕು" ಎಂದರು. ತಮಾಷೆ ಹಿಡಿಸಿತು. ಒಬ್ಬೊಬ್ಬರಾಗಿ ಕರ್ಚೀಫು ಹಾಕಿದರು. ಅಧ್ಯಕ್ಷರು ಹೆಗಲ ಮೇಲಿನ ಜರಿಯಂಚಿನ ಟವೆಲನ್ನೇ ಕುರ್ಚಿಗೆ ಹೊದಿಸಿ, "ಇದು ನಂದು, ಯಾರೂ ಕೂರಂಗಿಲ್ಲ" ಎಂದು ಹೋದರು.

ಜನ ಉಂಡರು. ಊಟದ ಮನೆಯ ಹಿಂಬಾಗಿಲಿನಿಂದ ಬೈಕುಗಳ ಕಡೆ ನಡೆದರು. ಶಾಮಿಯಾನದವರು ಕುರ್ಚಿ ಎತ್ತಲು ಬಂದಾಗ ಖಾಲಾ, "ಕಣ್ ಕಾಣಾಕಿಲ್ವಾ, ಜನ ಬರಾಕೆ ಹತ್ಯಾರೆ" ಎಂದು ಗದರಿದರು. ಜನ ಬರಲಿಲ್ಲ. ಬಂದವರು ಕಂಡಕ್ಟರ್, ಡ್ರಮ್ ಬಾರಿಸುತ್ತಿದ್ದವರ ಹೆಂಡತಿ, ಬಡಿಸಿ ಮುಗಿಸಿ ಕೈ ಒರೆಸಿಕೊಳ್ಳುತ್ತ ನಿಂತ ಕೆಲವರು. ಉಳಿದ ಸಾಲುಗಳಲ್ಲಿ ಕುರ್ಚಿಗೊಂದರಂತೆ ಕರ್ಚೀಫು.

ಹಾಡುಗಾರರು ಹಾಡಿದರು. ಕಣ್ಣು ಮುಚ್ಚಲಿಲ್ಲ. ಆ ಸಾಲುಗಳನ್ನೇ ನೋಡುತ್ತ ಹಾಡಿದರು. 'ಕರ್ಚೀಫು ಹಿಡಿದ ಸೀಟು' ಎಂಬಲ್ಲಿ ಬರಬೇಕಿದ್ದ ಗಿಟಾರಿನ ತಂತಿ ಇರಲಿಲ್ಲ. ಆ ಜಾಗವನ್ನು ಅವರು ಖಾಲಿಯೇ ಬಿಟ್ಟರು.

ಹಾಡು ಮುಗಿದಾಗ ಖಾಲಾ ಅಳಲಿಲ್ಲ. ಸಾಲು ಸಾಲಾಗಿ ನಡೆದು ಕರ್ಚೀಫುಗಳನ್ನೆಲ್ಲ ಬಳೆಯ ಚೀಲಕ್ಕೆ ತುಂಬಿದರು. "ಮಾನಗೆಟ್ಟೋರು. ಕೇಳಾಕೆ ಬರ್ಲಿ" ಎಂದರು.

ನಾನು ಪತ್ರಿಕೆಯ ವರದಿಗಾರ; ಕಂಡದ್ದನ್ನು ಕಂಡ ಹಾಗೆ ಬರೆದು ಕಳಿಸಿದೆ. ಮರುದಿನ ಅಚ್ಚಾದದ್ದು ಶಾಲಿನ ಚಿತ್ರ, ಕೆಳಗೆ ಹಾರ ಹಾಕಿದವರ ಹೆಸರು. ಉಳಿದದ್ದಕ್ಕೆ ಜಾಗವಿರಲಿಲ್ಲವಂತೆ. ಖಾಲಾ ಪತ್ರಿಕೆಯನ್ನು ನನ್ನ ಮುಂದೆ ಹರವಿದರು. "ಹಾರ ಹಾಕ್ದೋರ ಹೆಸ್ರು ಎಲ್ಲಾ ಐತಲ್ಲಪ್ಪ. ಹಾಡಿನ ಹೆಸ್ರು ಎಲ್ಲೈತೆ?" ಹಲವು ವರ್ಷ ಸುದ್ದಿ ಬರೆದವನಿಗೆ ಯಾರೂ ಕೇಳಿರದ ಸರಳ ಪ್ರಶ್ನೆ. ಅದಕ್ಕೆ ಉತ್ತರ ಈಗ ಬರೆಯುತ್ತಿದ್ದೇನೆ.

ಕರ್ಚೀಫುಗಳನ್ನು ಅವರು ಒಗೆದು, ಮಡಿಸಿ, ಬಳೆ ತೂಗುಹಾಕುವ ಕಂಬಿಗೆ ಸಾಲಾಗಿ ಇಳಿಬಿಟ್ಟರು. ವಾಪಸು ಬೇಕಾದವರು ಅಂಗಡಿಯ ಬೆಂಚಿನ ಮೇಲೆ ಕೂತು ಹಾಡನ್ನು ಪೂರ್ತಿ ಕೇಳಬೇಕು. ನಾಚಿಕೊಂಡು ಕೆಲವರು ಬಂದರು. ಅವರಲ್ಲಿ ಒಬ್ಬಿಬ್ಬರು ಮತ್ತೆ ಬಂದರು, ಕರ್ಚೀಫು ಇಲ್ಲದೆಯೂ. ಅಧ್ಯಕ್ಷರು ಟವೆಲಿಗಾಗಿ ತಮ್ಮ ಡ್ರೈವರನ್ನು ಕಳಿಸಿದರು. "ನಿನ್ ಕರ್ಚೀಫು ಇದ್ರೆ ಹಾಡು ಕೇಳಿ ಒಯ್ಯಪ್ಪ" ಎಂದರು ಖಾಲಾ. "ಟವೆಲ್ ಯಾರ್ದೋ ಅವ್ರೇ ಬರ್ಲಿ." ಡ್ರೈವರ್ ಕೂತು ಕೇಳಿ, ಚಹಾ ಕುಡಿದು, ಬರಿಗೈಯಲ್ಲಿ ಹೋದ.

ಹೋದ ಬೇಸಗೆಯಲ್ಲಿ ಖಾಲಾ ತೀರಿಕೊಂಡರು. ನಲವತ್ತನೇ ದಿನದ ಊಟಕ್ಕೆ ಊರು ಬಂದಿತ್ತು, ಅಧ್ಯಕ್ಷರೂ ಬಂದಿದ್ದರು. ಅಂಗಡಿಯ ಕಂಬಿಯಲ್ಲಿ ಉಳಿದಿದ್ದದ್ದು ಅವರ ಟವೆಲ್ ಒಂದೇ.

"ಇದ್ನ ಇನ್ನೂ ಇಟ್ಟೀಯಾ? ಕೊಡವ್ವ, ಖಾಲಾನೇ ಹೋದ್ರು" ಎಂದರು ಅಧ್ಯಕ್ಷರು, ಖಾಲಾ ಮಗಳಿಗೆ.

"ಅಮ್ಮಿ ಹೋದ್ಲು ಸಾಹೇಬ್ರೇ, ಹಾಡು ಐತಲ್ಲ" ಎಂದಳು ಅವಳು. "ಇವತ್ತು ಹಾಕಾಕಿಲ್ಲ. ನಾಳೆ ಬರ್ರಿ, ಬೆಂಚು ಖಾಲಿ ಇರ್ತೈತೆ."

ಒಳಗಿನಿಂದ ಊಟಕ್ಕೆ ಕರೆ ಬಂತು. ಅಧ್ಯಕ್ಷರು ಮೊದಲ ಪಂಕ್ತಿಗೆ ಹೋದರು.

ನ್ಯಾಮತಿಯಿಂದ ಬಂದಿದ್ದ ಹಾಡುಗಾರರನ್ನೂ ಮಗಳು ಕರೆದಳು. "ಮಾಮು, ನೀವೂ ಏಳ್ರಿ, ಮೊದ್ಲು ಕುಂದ್ರಿ."

"ಬ್ಯಾಡವ್ವ" ಎಂದರು ಅವರು, ಬೆಂಚಿನ ಮೇಲೆ ನನಗೆ ಜಾಗ ಬಿಡುತ್ತ. "ನಮ್ದು ಎರಡನೇ ಪಂಕ್ತಿ."